ಬೊಳ್ಳಿಯನ್ನು ಮಂಗಳೂರಿಗೆ ಕೊಂಡೋಗಬೇಕಾ?

20 ಜುಲೈ 2025, ಆದಿತ್ಯವಾರ
ಪೆರ್ಲ, ಕಾಸರಗೋಡು

ನಿನ್ನೆ ರಾತ್ರಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಮಂಗಳೂರು ಬೇಡ, ನಮ್ಮ ಬೆಕ್ಕು ಬೊಳ್ಳಿ ಮನೆಯಲ್ಲೇ ಇರಲಿ ಅಂತ. ಇವತ್ತು ಮೂಲೆಮನೆ ಅತ್ತೆ ಬಂದು ಹೋದ ಮೇಲೆ ಅದು ಅಲ್ಲಾಡುತ್ತಿದೆ.

ಶುಕ್ರವಾರ ರಕ್ತದ ರಿಪೋರ್ಟು ಬಂತು. ಕಿಡ್ನಿ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸುವ ಕ್ರಿಯಾಟಿನಿನ್ 6.8. ಬೆಕ್ಕುಗಳಿಗೆ ಅದು 1.6ರ ಒಳಗೆ ಇದ್ದರೆ ಒಳ್ಳೆಯದು. 5 ದಾಟಿದರೆ ಕಿಡ್ನಿ ಕಾಯಿಲೆಯ ನಾಲ್ಕನೆಯ ಹಂತ, ಅದೇ ಕೊನೆಯದು. ಡಾಕ್ಟರ್ ಮಲಯಾಳಿ. ನನಗೆ ಅರ್ಥವಾಗಲಿ ಅಂತ ನಿಧಾನವಾಗಿ ಹೇಳಿದರು. ಕಿಡ್ನಿಯ ಹೆಚ್ಚುಕಡಿಮೆ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವ ತನಕ ಈ ಸಂಖ್ಯೆ ಏರುವುದೇ ಇಲ್ಲವಂತೆ. ಉಳಿದ ಭಾಗ ಎಲ್ಲವನ್ನೂ ಸಂಭಾಳಿಸಿಕೊಂಡು ಹೋಗುತ್ತದೆ. ಹೊರಗೆ ಕಾಣುವುದು ನೀರು ಜಾಸ್ತಿ ಕುಡಿಯುವುದು, ಮೈ ಇಳಿಯುವುದು, ಅಷ್ಟೇ. ಹದಿಮೂರು ವರ್ಷದ ಬೆಕ್ಕು ಸೊರಗಿದರೆ ಪ್ರಾಯ ಆಯ್ತು ಅಂತಲೇ ಯಾರಾದರೂ ಹೇಳುವುದು.

ಮೂರು ದಾರಿ ಉಂಟು ಅಂದರು. ಮಂಗಳೂರಿಗೆ ಕೊಂಡೋಗಿ ಮೂರ್ನಾಲ್ಕು ದಿನ ಅಡ್ಮಿಟ್ ಮಾಡಿ ನರಕ್ಕೆ ಡ್ರಿಪ್ ಹಾಕಿಸುವುದು. ಇಲ್ಲವೇ ಮನೆಯಲ್ಲೇ ಚರ್ಮದ ಅಡಿಗೆ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ಪಿನ ನೀರು ಬಿಡುತ್ತಾ, ವಾಂತಿಯ ಮದ್ದು, ಹಸಿವಿನ ಮದ್ದು ಕೊಡುತ್ತಾ ಎಷ್ಟು ದಿನ ಹೋಗುತ್ತದೋ ನೋಡುವುದು. ಮೂರನೆಯದನ್ನು ಹೇಳುವಾಗ ಅವರು ಬೊಳ್ಳಿಯ ತಲೆ ಸವರುತ್ತಿದ್ದರು. "ಇಂಜೆಕ್ಷನ್ ಕೊಟ್ಟು ಮಲಗಿಸುವುದೂ ಒಂದು ಚಿಕಿತ್ಸೆಯೇ. ಅದನ್ನು ಯೋಚನೆಯಿಂದಲೇ ತೆಗೆದುಹಾಕಬೇಡಿ" ಅಂದರು.

ಅಡ್ಮಿಟ್ ಮಾಡಿದರೆ ಗುಣ ಆಗುತ್ತದಾ ಅಂತ ಕೇಳಿದೆ. ಹೋದ ಕಿಡ್ನಿ ವಾಪಸು ಬರುವುದಿಲ್ಲ. ಆದರೆ ಸೋಂಕಿನಿಂದಲೋ, ಮೈಯಲ್ಲಿ ನೀರು ಕಡಿಮೆಯಾಗಿಯೋ ಈಗ ಸ್ವಲ್ಪ ದಿನದಲ್ಲಿ ಏರಿದ್ದಾದರೆ ಅಷ್ಟು ಇಳಿಯಬಹುದು. ಇಳಿದರೆ ಇನ್ನು ಕೆಲವು ತಿಂಗಳು ಚೆನ್ನಾಗಿ ಕಳೆಯಬಹುದು. ಇಳಿಯದಿದ್ದರೆ? ಅವಳಿಗೆ ಉಳಿದಿರುವ ದಿನಗಳಲ್ಲಿ ಮೂರ್ನಾಲ್ಕು ಗೂಡಿನಲ್ಲೇ ಹೋಯ್ತು. ಪಕ್ಕದಲ್ಲಿ ನಾಯಿಗಳ ಬೊಗಳು, ಗುರುತಿಲ್ಲದ ಕೈಗಳು.

ಕೇರಳದ ಪಶುವೈದ್ಯ ಕಾಲೇಜುಗಳು ಮಣ್ಣುತ್ತಿಯಲ್ಲಿ, ಪೂಕೋಡಿನಲ್ಲಿ. ಒಂದು ತ್ರಿಶೂರು, ಒಂದು ವಯನಾಡು. ಇಲ್ಲಿಂದ ಕಾಯಿಲೆ ಬೆಕ್ಕನ್ನು ಹೊತ್ತು ಹೋಗುವ ದೂರ ಅಲ್ಲ. ನಮಗೆ ಮನುಷ್ಯರಿಗೂ ಮಂಗಳೂರೇ ಅಲ್ವಾ. 2020ರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಚೆ ಹೋಗಲಾಗದೆ ಇಲ್ಲಿಯ ರೋಗಿಗಳು ಸತ್ತರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ದಾರಿ ತೆರೆದಿದೆ, ಕಾರು ಸಿಗುತ್ತದೆ. ಆದರೂ ನಾನು ಹೋಗದೆ ಕೂತಿದ್ದೇನೆ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತು. ಅಡಿಕೆಗೆ ಮದ್ದು ಬಿಡುವವನು ಇವತ್ತೂ ಬರಲಿಲ್ಲ. ಮೈಲುತುತ್ತು, ಸುಣ್ಣ ಎರಡೂ ತಂದಿಟ್ಟು ಆಗಿದೆ. ಇನ್ನು ತಡವಾದರೆ ಕೊಳೆರೋಗ ಹಿಡಿಯುತ್ತದೆ. ಮಂಗಳೂರಿನ ಖರ್ಚು, ಮದ್ದು ಬಿಡುವವನ ಸಂಬಳ, ಎರಡೂ ಒಂದೇ ಡಬ್ಬಿಯಿಂದ ಹೋಗಬೇಕು. ಎರಡು ತಲೆಬಿಸಿ ಒಟ್ಟಿಗೆ.

ಅತ್ತೆ ಪತ್ರೊಡೆ ತಂದಿದ್ದರು. ತುಳುವಿನ ಆಟಿ ತಿಂಗಳು ಶುರುವಾಯ್ತಲ್ಲ, ಅವರಲ್ಲಿ ಕೆಸು ಬೇಕಾದಷ್ಟು ಉಂಟು.

ಅವರ ಮುಂದೆ ಬೆಕ್ಕಿನ ವಿಷಯ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ಹುಟ್ಟಿದವನು ಅವರ ಮಗ. ನಡೆಯಲಿಲ್ಲ, ಮಾತಾಡಲಿಲ್ಲ. ಹೋಗುವ ತನಕ ಉಣ್ಣಿಸಿದ್ದು, ಮೀಯಿಸಿದ್ದು, ಮಗ್ಗುಲು ಬದಲಿಸಿದ್ದು ಎಲ್ಲ ಅತ್ತೆಯೇ. 2017ರಲ್ಲಿ ಸುಪ್ರೀಂ ಕೋರ್ಟು 5 ಲಕ್ಷ ಪರಿಹಾರ ಕೊಡಿ ಅಂತ ಹೇಳಿದ ಮೇಲೂ ಕಾಗದದ ಕಟ್ಟು ಹಿಡಿದು ಅಲೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅವರ ಎದುರು ನಿಂತು ಬೆಕ್ಕಿಗೆ ಡ್ರಿಪ್ ಅಂತ ಹೇಳುವುದು ಹೇಗೆ? ಆದರೆ ಚಾವಡಿಯ ಕಿಟಕಿ ಸರಳಿನಲ್ಲಿ ಬಾಟ್ಲಿ ನೇತಾಡುತ್ತಿತ್ತು.

"ಯಾರಿಗೆ ಗ್ಲೂಕೋಸು?"

"ಬೊಳ್ಳಿಗೆ, ಅತ್ತೆ."

ಅವರು ಸೆರಗು ಸಿಕ್ಕಿಸಿಕೊಂಡು ನೆಲದಲ್ಲೇ ಕೂತರು. ಬೊಳ್ಳಿಯ ಬೆನ್ನಿನ ಚರ್ಮ ಮೆಲ್ಲ ಎತ್ತಿ ಬಿಟ್ಟರು. ಅದು ಕೂಡಲೇ ಕೆಳಗೆ ಇಳಿಯಲಿಲ್ಲ. ನೀರು ಸಾಲದು ಅಂತ ಗುರುತು ಮಾಡಲು ಡಾಕ್ಟರ್ ಕೂಡ ಹಾಗೆಯೇ ನೋಡಿದ್ದರು. "ನಿನ್ನೆ ಎಲ್ಲಿ ಚುಚ್ಚಿದ್ದು? ಇವತ್ತು ಆಚೆ ಬದಿಗೆ ಹಾಕು. ಒಂದೇ ಕಡೆ ಆದ್ರೆ ಗಟ್ಟಿಯಾಗ್ತದೆ" ಅಂದರು. ನಾನು ಸೂಜಿ ಹಾಕುವಷ್ಟು ಹೊತ್ತು ಅವರೇ ಹಿಡಿದುಕೊಂಡರು. ಅಮ್ಮ ಹಿಡಿದರೆ ಬೊಳ್ಳಿ ಒದ್ದಾಡುತ್ತಾಳೆ, ಯಾಕೆಂದರೆ ಅಮ್ಮನ ಕೈಯೇ ನಡುಗುತ್ತದೆ. ಇವತ್ತು ನೂರು ಎಂಎಲ್ ಹೋಗುವ ತನಕ ಅಲುಗಲಿಲ್ಲ. ಭುಜದ ಹತ್ತಿರ ಮುಸುಂಬಿಯಷ್ಟು ದೊಡ್ಡ ಗುಳ್ಳೆ ಎದ್ದಿತು. ಅದು ರಾತ್ರಿಯೊಳಗೆ ಮುಂಗಾಲಿನ ಕಡೆ ಜಾರಿ ಕರಗುತ್ತದೆ. ಮೊದಲ ಸಲ ನೋಡುವವರಿಗೆ ಭಯ ಆಗುತ್ತದೆ, ಅದರಿಂದ ತೊಂದರೆ ಏನೂ ಇಲ್ಲ.

"ಮೈ ನೆಕ್ಕಿಕೊಳ್ತದಾ?"

"ಮುಖ ಮಾತ್ರ. ಬೆನ್ನು ಬಿಟ್ಟಿದ್ದಾಳೆ."

"ತಿನ್ನುವುದು?"

"ಮತ್ತಿ ಬೇಯಿಸಿದ ನೀರು ಸ್ವಲ್ಪ."

ಮತ್ತಿಯೂ ಸುಲಭಕ್ಕೆ ಸಿಗುವುದಿಲ್ಲ ಈಗ. 31ರ ತನಕ ಟ್ರಾಲಿಂಗ್ ನಿಷೇಧ. ಮೀನಿನವ ಬಂದರೂ ರೇಟು ಕೇಳಿಯೇ ಹೊಟ್ಟೆ ತುಂಬುತ್ತದೆ. ಕಿಡ್ನಿ ಕಾಯಿಲೆಗೆ ರಂಜಕ ಕಡಿಮೆ ಇರುವ ಬೇರೆಯೇ ಆಹಾರ ಉಂಟು, ಒಂದು ಚೀಲ ತಂದಿದ್ದೇನೆ. ಮೂಸಿ ನೋಡಿ ತಲೆ ತಿರುಗಿಸಿದಳು. ಉಪವಾಸ ಇರುವುದಕ್ಕಿಂತ ಏನು ಬೇಕೋ ಅದನ್ನೇ ತಿನ್ನಲಿ ಅಂತ ಡಾಕ್ಟರ್ ಹೇಳಿದ್ದಾರೆ. ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಲಿವರಿನಲ್ಲಿ ಕೊಬ್ಬು ಸೇರಿ ಅದೇ ಬೇರೆ ಕಾಯಿಲೆಯಾಗುತ್ತದೆ. ಇನ್ನೊಂದು ವಿಷಯ, ಬೆಕ್ಕು ಇರುವವರು ದಯವಿಟ್ಟು ನೆನಪಿಡಿ: ಪ್ಯಾರಾಸಿಟಮಾಲ್ ಕೊಡಲೇಬಾರದು. ಮೈ ಬಿಸಿ ಇದ್ದರೆ ಅರ್ಧ ಮಾತ್ರೆ ಕೊಡು ಅಂತ ತಮ್ಮ ಫೋನಿನಲ್ಲಿ ಹೇಳಿದ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮದ್ದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಒಂದು ಮಾತ್ರೆ ಸಾಕು ಜೀವ ತೆಗೆಯಲು.

"ಮಂಗಳೂರಿಗೆ ಕೊಂಡೋಗುವುದಿಲ್ವಾ?" ಅತ್ತೆ ಕೇಳಿದರು.

ನನ್ನ ಕಾರಣಗಳನ್ನೆಲ್ಲ ಹೇಳಿದೆ. ಗೂಡು, ನಾಯಿ, ದೂರ, ಹದಿಮೂರು ವರ್ಷ. ದುಡ್ಡಿನದನ್ನು ಮಾತ್ರ ಹೇಳಲಿಲ್ಲ. ಅವರು ಪೂರ್ತಿ ಕೇಳಿದರು.

"ನೀನು ಹೇಳುವುದು ಸರಿ. ಆದ್ರೂ ಒಂದು ಸಲ ಕೊಂಡೋಗು ಮಗಾ. ಅವನನ್ನು ಕೊನೆಗೆ ನಾವು ಕೊಂಡೋಗಲಿಲ್ಲ. ಸಾಕು, ಇನ್ನು ಸೂಜಿ ಬೇಡ ಅಂತ ನಾನೇ ಹೇಳಿದ್ದು. ಎಲ್ಲರೂ ಸರಿ ಅಂದ್ರು. ನಂಗೂ ಸರಿ ಅಂತಲೇ ಕಾಣ್ತದೆ. ಆದ್ರೆ ಜೋರು ಮಳೆಗೆ ರಾತ್ರಿ ಎಚ್ಚರ ಆದ್ರೆ ಅದೇ ಯೋಚನೆ ಬರ್ತದೆ."

ಎಂತ ಹೇಳುವುದು ಇದಕ್ಕೆ? ಬೆಕ್ಕು ಮತ್ತು ಮಗ ಒಂದೇ ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅವರು ಎದ್ದು ಪಾತ್ರೆ ಕೇಳಿದರು. ತೊಳೆದು ಕೊಟ್ಟೆ. ಗುರುವಾರ ಆಟಿ ಅಮಾವಾಸ್ಯೆ, ಆ ದಿನ ಕುಡಿಯುವ ಪಾಲೆಮರದ ಕಷಾಯಕ್ಕೆ ತೊಗಟೆ ಬೇಕಾದರೆ ಹೇಳು ಅಂತ ಹೇಳಿ ಕೊಡೆ ಬಿಡಿಸಿದರು.

ಆಮೇಲೆ ಅಮ್ಮನಿಗೂ ನನಗೂ ಸ್ವಲ್ಪ ಮಾತಾಯಿತು. ಸಾಯುವ ಬೆಕ್ಕು ತಾನಾಗಿ ಮನೆ ಬಿಟ್ಟು ಹೋಗುತ್ತದೆ, ಅದನ್ನು ತಡೆಯಬಾರದು ಅಂತ ಅಮ್ಮ. ಹಟ್ಟಿಯ ಬಾಗಿಲು ತೆರೆದಿಡುತ್ತಾರೆ, ನಾನು ಹಾಕುತ್ತೇನೆ. ಈ ಮಳೆಯಲ್ಲಿ ತೋಡಿನ ಬದಿಯಲ್ಲಿ ಎಲ್ಲೋ ಒಬ್ಬಳೇ ಬಿದ್ದಿರಲು ನಾನು ಬಿಡುವುದಿಲ್ಲ.

ಅತ್ತೆ ಹೇಳಿದ ಹಾಗೆ ಕೊಂಡೋದರೆ ಅದು ಯಾರಿಗಾಗಿ? ನಾಳೆ ನನಗೆ ನಿದ್ರೆ ಬರಲಿ ಅಂತ ಅವಳನ್ನು ಗೂಡಿಗೆ ಹಾಕುವುದು ಸರಿಯಾ? ಆದರೆ ಡಾಕ್ಟರ್ ಹೇಳಿದ ಆ "ಇಳಿಯಬಹುದು" ಸುಳ್ಳಲ್ಲ. ಅದು ಅವಳಿಗೇ ಸಿಗುವ ತಿಂಗಳುಗಳು. ಮಂಗಳವಾರ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಮನೆಯಲ್ಲಿ ಬಿಡುವ ಈ ಡ್ರಿಪ್ಪಿಗೇ ಆ ಸಂಖ್ಯೆ ಸ್ವಲ್ಪ ಇಳಿದಿದ್ದರೆ ಕೊಂಡೋಗುತ್ತೇನೆ. ಅಲ್ಲೇ ಇದ್ದರೆ, ಏರಿದ್ದರೆ, ಕೊಂಡೋಗುವುದಿಲ್ಲ. ಇಷ್ಟು ಅಂತ ಇಟ್ಟುಕೊಂಡಿದ್ದೇನೆ.

ಅದಕ್ಕೆ ಮೊದಲು ಡಾಕ್ಟರಲ್ಲಿ ಒಂದು ಕೇಳಬೇಕು. ಆ ಇಂಜೆಕ್ಷನ್ ಕೊಡುವುದೇ ಆದರೆ ಅವರು ಮನೆಗೆ ಬರ್ತಾರಾ ಅಂತ. ಈಗಲೇ ಕೇಳಿಟ್ಟರೆ ಕೊಡಿಸಲು ಒಪ್ಪಿದ ಹಾಗೆ ಅಲ್ಲ ತಾನೇ? ಅಮ್ಮನ ಎದುರು ಫೋನ್ ಮಾಡಲಾಗುವುದಿಲ್ಲ. ಬೆಳಗ್ಗೆ ಅವರು ಹಾಲು ಕೊಡಲು ಸೊಸೈಟಿಗೆ ಹೋದಾಗ ಮಾಡಬೇಕು, ಇಲ್ಲದಿದ್ದರೆ ಪೇಟೆಗೆ ಹೋಗಿಯಾದರೂ