27 ಬರೆದ ಕ್ರಿಸ್ಟಲ್ 9ರಲ್ಲಿ ಸಿಕ್ಕಿತು

ಅಕ್ಕನ ಮಗಳು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟ್‌ಗೆ ಡಿಜಿಟಲ್ ಗಡಿಯಾರ ಮಾಡಬೇಕು, ಮೈಕ್ರೋಕಂಟ್ರೋಲರ್ ಮುಟ್ಟುವಂತಿಲ್ಲ, ಬರೀ ಐಸಿಗಳಲ್ಲೇ ಆಗಬೇಕು ಅಂತ ಕಾಲೇಜಿನಲ್ಲಿ ಹೇಳಿದ್ದಾರಂತೆ. ಒಂದು ಭಾನುವಾರ ಬ್ರೆಡ್‌ಬೋರ್ಡ್ ಹಿಡಿದುಕೊಂಡು ಮನೆಗೆ ಬಂದಳು.

"ಮಾಮ, ಸೆಕೆಂಡಿಗೊಂದು ಪಲ್ಸ್ ಬೇಕು. 555 ಟೈಮರ್ ಐಸಿ ಹಾಕಿದರೆ ಸಾಕಲ್ವಾ?"

ಸಾಕು, ಎಲ್ಇಡಿ ಮಿನುಗಿಸೋದಕ್ಕೆ. 555ರಲ್ಲಿ ಕಾಲ ನಿರ್ಧಾರ ಮಾಡೋದು ರೆಸಿಸ್ಟರ್ ಮತ್ತು ಕೆಪಾಸಿಟರ್. ಅವೆರಡರಿಂದ ಶೇಕಡಾ 1ರಷ್ಟು ಹೆಚ್ಚುಕಡಿಮೆ ಆದರೂ ದಿನಕ್ಕೆ 14 ನಿಮಿಷ ಎಡವಟ್ಟು. ಕ್ರಿಸ್ಟಲ್ ಅಂದರೆ ಒಂದೇ ವೇಗದಲ್ಲಿ ಕಂಪಿಸುವ ಕ್ವಾರ್ಟ್ಜ್ ತುಂಡು, ಅದರಲ್ಲಿ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೆ ದಿನಕ್ಕೆ ಎರಡು ಸೆಕೆಂಡೂ ಆಗೋದಿಲ್ಲ. ಈ ಲೆಕ್ಕ ಕಾಗದದ ಮೇಲೆ ಮಾಡಿ ತೋರಿಸಿದ ಮೇಲೆ 555ರ ಮಾತು ನಿಂತಿತು.

ಕೆಟ್ಟ ಗೋಡೆ ಗಡಿಯಾರದಿಂದ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಬಿಚ್ಚಿದೆವು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಕೊಳವೆ, ಕೂದಲಿನಂಥ ಎರಡು ಕಾಲು. ಹುಷಾರಾಗಿ ಹಿಡಿಯದಿದ್ದರೆ ಕಾಲು ಕಿತ್ತೇ ಬರುತ್ತದೆ. ಕ್ರಿಸ್ಟಲ್ ಕುಣಿಸಿ ಅದರ ಪಲ್ಸ್‌ಗಳನ್ನು ಅರ್ಧ ಅರ್ಧ ಮಾಡುತ್ತಾ ಹೋಗುವುದು 4060 ಐಸಿ. ಅದರ 10 ಮತ್ತು 11ನೇ ಪಿನ್‌ಗಳ ನಡುವೆ 10 ಮೆಗಾ ಓಮ್. 10ನೇ ಪಿನ್‌ನಿಂದ 330 ಕೆ (ಕಿಲೋ ಓಮ್) ರೆಸಿಸ್ಟರ್ ದಾಟಿ ಕ್ರಿಸ್ಟಲ್. ಅದರ ಎರಡೂ ಕಾಲಿನಿಂದ ಗ್ರೌಂಡ್‌ಗೆ ಒಂದೊಂದು 22 ಪಿಎಫ್ (ಪಿಕೋಫ್ಯಾರಡ್) ಕೆಪಾಸಿಟರ್. 12ನೇ ಪಿನ್ ರೀಸೆಟ್, ಅದನ್ನು ಗ್ರೌಂಡ್‌ಗೆ ಕಟ್ಟಲೇಬೇಕು. ಆ 330 ಕೆ ಯಾಕೆ ಅಂತ ಕೇಳಿದಳು. ಈ ಪುಟ್ಟ ಕ್ರಿಸ್ಟಲ್ ಒಂದು ಮೈಕ್ರೋವಾಟ್‌ನಷ್ಟು ಮಾತ್ರ ತಡೆದುಕೊಳ್ಳುತ್ತದೆ, ಜಾಸ್ತಿ ಕೊಟ್ಟರೆ ಹಾಳಾಗುತ್ತದೆ ಅಂದೆ. 32768 ಅಂದರೆ 2ನ್ನು 15 ಸಲ ಗುಣಿಸಿದ್ದು. 4060 ಒಳಗೆ 14 ಸಲ ಮಾತ್ರ ಅರ್ಧವಾಗುತ್ತದೆ, ಹಾಗಾಗಿ 3ನೇ ಪಿನ್‌ನಲ್ಲಿ ಸೆಕೆಂಡಿಗೆ ಎರಡು ಪಲ್ಸ್ ಸಿಗುತ್ತವೆ. ಉಳಿದ ಒಂದು ಅರ್ಧಕ್ಕೆ 4013 ಅನ್ನೋ ಇನ್ನೊಂದು ಐಸಿ. ಎಲ್ಇಡಿ ಮಿನುಗಿತು, ಸೆಕೆಂಡಿನ ಪಲ್ಸ್ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಹುಡುಗಿ ಏಳಲಿಲ್ಲ. ನನ್ನ ಡಬ್ಬಿ ಕೆದಕಿ ಆಟಿಕೆ ಕಾರಿನ ರಿಮೋಟ್‌ನಿಂದ ಕಿತ್ತಿಟ್ಟಿದ್ದ ಒಂದು ಕ್ರಿಸ್ಟಲ್ ತೆಗೆದಳು. ಮೇಲೆ 27.145 ಅಂತ ಅಚ್ಚು, ಅಂದರೆ ಮೆಗಾಹರ್ಟ್ಸ್. "ಇದನ್ನೂ ಕುಣಿಸೋಣ ಮಾಮ."

ಇದಕ್ಕೆ ಒಂದೇ ಟ್ರಾನ್ಸಿಸ್ಟರ್ ಸಾಕು. ಬಿಸಿ547 ತಗೊಂಡೆವು. ಕಲೆಕ್ಟರ್ ನೇರ 9 ವೋಲ್ಟ್‌ಗೆ, ಬೇಸ್‌ಗೆ ಮೇಲೊಂದು ಕೆಳಗೊಂದು 33 ಕೆ, ಎಮಿಟರ್‌ನಿಂದ ಗ್ರೌಂಡ್‌ಗೆ 1 ಕೆ. ಬೇಸ್‌ನಿಂದ ಎಮಿಟರ್‌ಗೆ, ಎಮಿಟರ್‌ನಿಂದ ಗ್ರೌಂಡ್‌ಗೆ 101 ಅಂತ ಬರೆದಿರುವ ಕೆಪಾಸಿಟರ್‌ಗಳು, ಅಂದರೆ 100 ಪಿಎಫ್. ಬೇಸ್‌ಗೂ ಗ್ರೌಂಡ್‌ಗೂ ಕ್ರಿಸ್ಟಲ್. ಸಪ್ಲೈಗೆ ಅಡ್ಡಲಾಗಿ ಒಂದು 104 ಕೆಪಾಸಿಟರ್. ತಾನೇ ತರಂಗ ಹುಟ್ಟಿಸುವ ಈ ಸರ್ಕ್ಯೂಟ್‌ನ ಹೆಸರು ಕಾಲ್ಪಿಟ್ಸ್ ಆಸಿಲೇಟರ್.

ಇನ್ನು ಓಡುತ್ತಿದೆಯೋ ಇಲ್ಲವೋ ನೋಡೋದು ಹೇಗೆ? ತರಂಗವನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಮನೆಯಲ್ಲಿ ಇಲ್ಲ. ಇದ್ದರೂ ಅದರ ಪ್ರೋಬ್ ತನ್ನದೇ ಕೆಪಾಸಿಟೆನ್ಸ್ ಸೇರಿಸುತ್ತದೆ. ಬೇಸ್‌ಗೆ ತಾಗಿಸಿದರೆ ಓಡುತ್ತಿದ್ದದ್ದೂ ನಿಂತುಹೋಗಬಹುದು. ನನಗೆ ಇಂಥ ಕಡೆ ಹಳೆಯ ಶಾರ್ಟ್‌ವೇವ್ ರೇಡಿಯೋನೇ ಇಷ್ಟ, ಅದು ಸರ್ಕ್ಯೂಟ್ ಮುಟ್ಟದೇ ಸುದ್ದಿ ಹೇಳುತ್ತದೆ. ನನ್ನ ರೇಡಿಯೋ 27 ಮೆಗಾಹರ್ಟ್ಸ್‌ವರೆಗೆ ಹೋಗೋದಿಲ್ಲ. "ಹಾಗಾದ್ರೆ ಸಿಗಲ್ಲ ಬಿಡಿ" ಅಂದಳು. ಸುಮ್ನೆ ಮುಳ್ಳು ತಿರುಗಿಸು, 9ರ ಸುತ್ತ ನಿಧಾನವಾಗಿ ಅಂದೆ. ಕೋಣೆಯ ಎಲ್ಇಡಿ ಬಲ್ಬ್ ಮೊದಲು ಆರಿಸಬೇಕಾಯಿತು, ಅದರ ಗಲಾಟೆಯೇ ಎಲ್ಲ ಕಡೆ.

31 ಮೀಟರ್ ಬ್ಯಾಂಡಿಗೆ ಸ್ವಲ್ಪ ಕೆಳಗೆ, 9ರ ಗೆರೆ ಪಕ್ಕದಲ್ಲೇ, ಗರಗರ ಥಟ್ಟನೆ ಅಡಗಿತು. ನಮ್ಮ ಸರ್ಕ್ಯೂಟ್‌ನಲ್ಲಿ ಮಾತೂ ಇಲ್ಲ ಹಾಡೂ ಇಲ್ಲ, ಬರೀ ಕ್ಯಾರಿಯರ್, ಅಂದರೆ ಖಾಲಿ ರೇಡಿಯೋ ತರಂಗ. ಅದು ಬಂದ ಕಡೆ ರೇಡಿಯೋದ ಗದ್ದಲ ತಗ್ಗುತ್ತದೆ, ಅಷ್ಟೇ ಗುರುತು. ಬ್ಯಾಟರಿ ಕಿತ್ತಳು, ಗರಗರ ವಾಪಸ್. ಮತ್ತೆ ಹಾಕಿದಳು, ಅಡಗಿತು. 9ರ ಎರಡರಷ್ಟಾದ 18ರ ಹತ್ತಿರವೂ ಅದೇ ಆಟ, ಇನ್ನೊಂಚೂರು ಕ್ಷೀಣವಾಗಿ.

"27 ಅಂತ ಬರೆದು 9 ಕೊಡ್ತಿದೆಯಲ್ಲ, ಮೋಸ ಅಲ್ವಾ ಇದು?"

ಮೋಸ ಅಲ್ಲ. ಒಳಗಿರೋದು ಕ್ವಾರ್ಟ್ಜ್‌ನ ತೆಳು ಬಿಲ್ಲೆ. ಅದು ತೆಳುವಾದಷ್ಟೂ ಫ್ರೀಕ್ವೆನ್ಸಿ ಜಾಸ್ತಿ. 1.66ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಬಿಲ್ಲೆಯ ದಪ್ಪ ಮಿಲಿಮೀಟರ್‌ಗಳಲ್ಲಿ ಸಿಗುತ್ತದೆ. ಅವಳೇ ಫೋನ್‌ನಲ್ಲಿ ಲೆಕ್ಕ ಹಾಕಿದಳು: 27ಕ್ಕೆ 0.06 ಮಿಲಿಮೀಟರ್. ಅಷ್ಟು ತೆಳ್ಳಗೆ ಉಜ್ಜೋದು ಕಷ್ಟ, ಒಡೆಯೋದು ಸುಲಭ. ಅದಕ್ಕೇ 9ಕ್ಕೆ ಹೊಂದುವ 0.18 ಮಿಲಿಮೀಟರ್ ಬಿಲ್ಲೆ ಮಾಡಿ, ಅದರ ಮೂರನೇ ಓವರ್‌ಟೋನ್, ಅಂದರೆ ಸುಮಾರು ಮೂರರಷ್ಟು ವೇಗದ ಕಂಪನದ ಹೆಸರಿನಲ್ಲಿ ಮಾರುತ್ತಾರೆ. ಸರ್ಕ್ಯೂಟ್‌ನಲ್ಲಿ 27ಕ್ಕೆ ಟ್ಯೂನ್ ಆದ ಕಾಯಿಲ್ ಇದ್ದರೆ ಅಲ್ಲಿ ಓಡುತ್ತದೆ. ನಮ್ಮದರಲ್ಲಿ ಕಾಯಿಲೇ ಇಲ್ಲ, ತನಗೆ ಸುಲಭವಾದ 9ರಲ್ಲೇ ಓಡಿತು.

ನಂಬಿಕೆ ಬರಲಿಲ್ಲವೇನೋ, ಒಂದು ಸತ್ತ ಕ್ರಿಸ್ಟಲ್ ತಗೊಂಡು ಬುಡವನ್ನು ಅರದಿಂದ ಉಜ್ಜಿ ತಗಡಿನ ಟೋಪಿ ಕಿತ್ತಳು. ಎರಡು ಸಣ್ಣ ಸ್ಪ್ರಿಂಗ್‌ಗಳ ನಡುವೆ ಪಾರದರ್ಶಕ ಬಿಲ್ಲೆ, ಎರಡೂ ಮುಖದ ನಡುವಿನಲ್ಲಿ ಹೊಳೆಯುವ ಲೋಹದ ಬೊಟ್ಟು. ಬಿಲ್ಲೆಯ ಅಂಚಿನಲ್ಲಿ ಸೀಳು ಬಿಟ್ಟಿತ್ತು. ಎಲ್ಲೋ ಕೆಳಗೆ ಬಿದ್ದ ಮಾಲು.

ಹೊರಡುವಾಗ ಗಡಿಯಾರದ ಬೋರ್ಡ್ ಮರೆತಳು, ಆಟಿಕೆ ಕ್ರಿಸ್ಟಲ್ ಮಾತ್ರ ಜೇಬಿಗೆ ಹಾಕಿಕೊಂಡಳು. ಕಾಯಿಲ್ ಸುತ್ತಲು ಎನಾಮಲ್ ತಂತಿ ಎಷ್ಟು ಗೇಜ್ ಬೇಕು ಅಂತ ರಾತ್ರಿ ಮೆಸೇಜ್ ಬಂತು. ಮೊದಲು ಪ್ರಾಜೆಕ್ಟ್ ಮುಗಿಸು ಅಂತ ಬರೆದು, ಅದರ ಕೆಳಗೇ 26 ಗೇಜ್ ಅಂತಲೂ ಬರೆದೆ.