ಒಂದು ಸಂಬಳ, ಎರಡು ಮನೆ

ಕಳೆದ ವರ್ಷದ ಏಪ್ರಿಲ್‌ನಲ್ಲಿ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯನ್ನು ಬಿಟ್ಟು ಜೇವರ್ಗಿ ಕಾಲೊನಿಯ ಬಾಡಿಗೆ ಮನೆಗೆ ಬಂದಾಗ ಕಲಬುರಗಿಯಲ್ಲಿ ಬಿಸಿಲು ಕಾದ ಹಂಚಿನಂತಿತ್ತು, ನಮ್ಮಲ್ಲಿದ್ದದ್ದು ಒಂದೇ ಕೂಲರ್. ಮಕ್ಕಳಿಬ್ಬರೂ ತಾಯಿಯ ಜೊತೆ ಉಳಿಯುವುದೆಂದು ಆಗಲೇ ತೀರ್ಮಾನವಾಗಿದ್ದರಿಂದ ಕೂಲರ್ ಅಲ್ಲಿಯೇ ಉಳಿಯಿತು. ಹದಿನೇಳು ವರ್ಷಗಳ ಸಂಸಾರದಲ್ಲಿ ಯಾವುದು ಯಾರಿಗೆ ಎಂಬ ಪ್ರಶ್ನೆ ಎದ್ದಾಗ ನಾವು ತಕರಾರಿಲ್ಲದೆ ಬಗೆಹರಿಸಿಕೊಂಡ ವಸ್ತು ಬಹುಶಃ ಅದೊಂದೇ.

ನಾನು ಅನುದಾನಿತ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕ. ಕಡಿತಗಳೆಲ್ಲ ಹೋಗಿ ಕೈಗೆ ಬರುವುದು 68,000 ರೂಪಾಯಿ. ಅದರಲ್ಲಿ ಗೃಹಸಾಲದ ಕಂತು 19,200, ಹೊಸ ಬಾಡಿಗೆ 7,000, ಮಕ್ಕಳ ಶಾಲೆ ಮತ್ತು ಟ್ಯೂಷನ್ನಿಗೆ ಸರಾಸರಿ 9,000. ಬೇಸಿಗೆಯಲ್ಲಿ ಎರಡೂ ಮನೆಗೆ ನೀರಿನ ಟ್ಯಾಂಕರ್ ತರಿಸಬೇಕು. ಒಂದೇ ಒಲೆಯಲ್ಲಿ ಬೇಯುತ್ತಿದ್ದ ಅಡುಗೆ ಎರಡು ಒಲೆಗಳಿಗೆ ಹಂಚಿಹೋದರೆ ಖರ್ಚು ಅರ್ಧರ್ಧ ಆಗುವುದಿಲ್ಲ, ಹೆಚ್ಚುಕಡಿಮೆ ಒಂದೂವರೆಯಷ್ಟಾಗುತ್ತದೆ ಎಂಬುದು ಮೊದಲ ತಿಂಗಳು ಮುಗಿಯುವುದರೊಳಗೆ ಗೊತ್ತಾಯಿತು. ಎರಡನೆಯ ತಿಂಗಳು ಸಹೋದ್ಯೋಗಿಯೊಬ್ಬರ ಬಳಿ ಕೈಗಡ ತೆಗೆದುಕೊಂಡೆ.

ಆಗ ನನ್ನ ವಾದ ಸರಳವಾಗಿತ್ತು: ಅವರು ಇರುವ ಮನೆಯ ಕಂತನ್ನು ನಾನೇ ಕಟ್ಟುತ್ತಿರುವಾಗ ಪ್ರತ್ಯೇಕ ಜೀವನಾಂಶ ಏಕೆ? ಇದನ್ನು ನನ್ನ ವಕೀಲರ ಮುಂದೆ ಸ್ವಲ್ಪ ಜೋರಿನಿಂದಲೇ ಹೇಳಿದೆ. ಅವರು ಫೈಲು ಮುಚ್ಚಿ, "ಕಂತು ಕಟ್ಟಿ ನೀವು ಆಸ್ತಿ ಮಾಡ್ಕೊಳ್ಳಲತ್ತೀರಿ ಸರ್, ಮಕ್ಕಳು ಕಂತು ಉಣ್ಣಂಗಿಲ್ಲ" ಎಂದರು. ಅಷ್ಟರಲ್ಲಿ ಪತ್ನಿಯ ಜೀವನಾಂಶದ ಅರ್ಜಿಯೂ ಕೌಟುಂಬಿಕ ನ್ಯಾಯಾಲಯಕ್ಕೆ ಬಂದಿತ್ತು. ಊರಲ್ಲಿ ಇಂದಿಗೂ ಇದನ್ನು "ಒನ್ ಟ್ವೆಂಟಿಫೈವ್ ಹಾಕ್ಯಾರ" ಎಂದೇ ಹೇಳುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶದ ಕಲಂ 125 ಆಗಿತ್ತು; 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಪತ್ನಿಯ ಪರ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಟ್ಟಿತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಉಚಿತ. ನನಗೆ ಅದು ಆಗ ಅಸಮಾಧಾನ ತಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ದಿನ ತಳ್ಳಿದರೆ ಹಣ ಉಳಿಯುತ್ತದೆಂಬ ಲೆಕ್ಕವೂ ನನ್ನಲ್ಲಿತ್ತು. ಅದೂ ತಪ್ಪು. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನ ಪ್ರಕಾರ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು. ಹಾಗಾಗಿ ಮುಂದೂಡಿದ ಪ್ರತಿ ತಾರೀಖು ಬಾಕಿಯ ಮೊತ್ತವನ್ನು ಬೆಳೆಸುತ್ತಾ ಹೋಗುತ್ತದೆ. ಅದೇ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚುಗಳನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆದುಕೊಡಬೇಕು. ನಮ್ಮ ಮನೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆಂಬುದು ನನಗೆ ಪೂರ್ತಿಯಾಗಿ ತಿಳಿದದ್ದು ಆಕೆಯ ಪ್ರಮಾಣಪತ್ರವನ್ನು ಓದಿದಾಗ. ಚಿಕ್ಕ ಮಗಳ ಕನ್ನಡಕವನ್ನು ವರ್ಷಕ್ಕೆ ಎರಡು ಸಲ ಬದಲಿಸಬೇಕಾಗುತ್ತದೆಂಬುದು ಅದರಲ್ಲಿತ್ತು; ನನಗೆ ಗೊತ್ತಿರಲಿಲ್ಲ.

ನನ್ನ ಅವ್ವನಿಗೆ ಇದಾವುದೂ ಸರಿ ಕಾಣಲಿಲ್ಲ. "ಮನಿ ಆಕಿಗಿ ಬಿಟ್ಟು ನೀ ಬಾಡಗಿ ಮನ್ಯಾಗ ಇರ್ತಿಯೇನಪಾ?" ಎಂದು ಆಳಂದದಿಂದ ಬಂದಾಗಲೆಲ್ಲ ಕೇಳುತ್ತಿದ್ದರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 17ನೇ ಕಲಂ, ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ ಜೊತೆಯಾಗಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಡುತ್ತದೆಂದು ನಾನು ಅವರಿಗೆ ವಿವರಿಸಲಿಲ್ಲ. ದೊಡ್ಡವಳು ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಎಂದಷ್ಟೇ ಹೇಳಿದೆ. ಆ ಮಾತು ಅವರಿಗೆ ಅರ್ಥವಾಯಿತು.

ಹೆಚ್ಚು ತಲೆನೋವಾದದ್ದು ಬ್ಯಾಂಕು. ಸಾಲದ ಪತ್ರದಲ್ಲಿ ಇಬ್ಬರ ಹೆಸರೂ ಇದೆ, ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ನ್ಯಾಯಾಲಯದಲ್ಲಿ ನಾವು ಏನೇ ಬರೆದುಕೊಂಡರೂ ಬ್ಯಾಂಕು ಆ ಒಪ್ಪಂದದ ಪಕ್ಷಗಾರನಲ್ಲ. ಒಂದು ಕಂತು ತಪ್ಪಿದರೆ ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಇಬ್ಬರದೂ ಇಳಿಯುತ್ತದೆ. ನನ್ನ ಹೆಸರು ತೆಗೆಯಬೇಕಾದರೆ ಉಳಿದ ಸಾಲವನ್ನು ತೀರಿಸುವಷ್ಟು ಆದಾಯ ಆಕೆಗೆ ಇದೆಯೆಂದು ತೋರಿಸಬೇಕು. ಮನೆಪಾಠ ಮತ್ತು ಹೊಲಿಗೆಯಿಂದ ಬರುವ ಹಣಕ್ಕೆ ಬ್ಯಾಂಕಿನ ಲೆಕ್ಕದಲ್ಲಿ ಬೆಲೆಯಿಲ್ಲ. ಹೀಗಾಗಿ ಮದುವೆ ಕಡಿದರೂ ಸಾಲಗಾರರಾಗಿ ನಾವು ಜೋಡಿಯಾಗಿಯೇ ಮುಂದುವರಿಯಬೇಕಾಯಿತು.

ಮಧ್ಯಸ್ಥಿಕೆ ಕೇಂದ್ರದಲ್ಲಿ ನಾಲ್ಕು ಸಲ ಕುಳಿತೆವು. ಮೊದಲ ಎರಡು ಸಲ ಜೀವನಾಂಶದ ಮೊತ್ತದಿಂದ ಮಾತು ಆರಂಭಿಸಿದ್ದಕ್ಕೆ ಜಗಳವೇ ಆಯಿತು. ಮೂರನೆಯ ಸಲ ಮಧ್ಯಸ್ಥಿಕೆದಾರರು ಮಕ್ಕಳು ಎಲ್ಲಿ ಮಲಗುತ್ತಾರೆ ಎಂಬುದರಿಂದ ಶುರು ಮಾಡಿಸಿದರು, ಮೊತ್ತ ತಾನಾಗಿ ಕೆಳಗಿಳಿದು ಬಂತು. ಚಿಕ್ಕವಳ ಪಿಯುಸಿ ಮುಗಿಯುವವರೆಗೆ ಮೂವರೂ ಅದೇ ಮನೆಯಲ್ಲಿರುವುದು, ಅಲ್ಲಿಯವರೆಗೆ ಕಂತು ನನ್ನದು. ಆನಂತರ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳುವುದು. ಮಕ್ಕಳಿಗೆ ಮತ್ತು ಆಕೆಗೆ ಸೇರಿ ತಿಂಗಳಿಗೆ 15,000, ವರ್ಷಕ್ಕೆ ಶೇಕಡಾ 5ರಷ್ಟು ಏರಿಕೆ. ಶಾಲೆಯ ಶುಲ್ಕ ನೇರವಾಗಿ ನನ್ನಿಂದ ಶಾಲೆಗೆ. ಎಲ್ಲವೂ ಪ್ರತಿ ತಿಂಗಳ 5ರೊಳಗೆ, ಬ್ಯಾಂಕ್ ಖಾತೆಯ ಮೂಲಕವೇ. ಈ ಕೊನೆಯ ಷರತ್ತನ್ನು ನಾನೇ ಕೇಳಿ ಬರೆಸಿದೆ, ಏಕೆಂದರೆ ಮೊದಲ ಎರಡು ತಿಂಗಳು ನಾನು ಕೈಯಲ್ಲಿ ಕೊಟ್ಟ ನಗದಿಗೆ ಯಾವ ದಾಖಲೆಯೂ ಇರಲಿಲ್ಲ, ಇಬ್ಬರಿಗೂ ಬೇರೆ ಬೇರೆ ಮೊತ್ತ ನೆನಪಿತ್ತು.

ಸಣ್ಣ ಬಾಬತ್ತುಗಳೂ ಕಡಿಮೆ ಕಾಡುವುದಿಲ್ಲ. ಗೃಹಜ್ಯೋತಿಯ ಸೌಲಭ್ಯ ಹಳೆಯ ಮನೆಯ ಆರ್.ಆರ್. ಸಂಖ್ಯೆಗೆ ನನ್ನ ಆಧಾರ್ ಮೂಲಕವೇ ಜೋಡಣೆಯಾಗಿತ್ತು; ಅದನ್ನು ಬಿಡಿಸಿ, ಅಲ್ಲಿ ಆಕೆಯ ಆಧಾರ್ ಸೇರಿಸಿ, ಇಲ್ಲಿ ನನ್ನದನ್ನು ಜೋಡಿಸುವವರೆಗೆ ಜೆಸ್ಕಾಂ ಬಿಲ್ಲನ್ನು ಪೂರ್ತಿ ಕಟ್ಟಿದೆ. ಬಾಡಿಗೆ ಮನೆ ಹುಡುಕುವಾಗ ನಲವತ್ತಾರರ ಈ ಮನುಷ್ಯನಿಗೆ "ಫ್ಯಾಮಿಲಿನೋ, ಬ್ಯಾಚುಲರೋ?" ಎಂಬ ಪ್ರಶ್ನೆ ಐದು ಮನೆಗಳಲ್ಲಿ ಎದುರಾಯಿತು; ಎರಡು ಕಡೆ ನಿಜ ಹೇಳಿ ಮನೆ ಕಳೆದುಕೊಂಡೆ.

ಒಂದು ವರ್ಷ ಬೇರೆ ಇದ್ದ ಮೇಲೆ, 1955ರ ಹಿಂದೂ ವಿವಾಹ ಕಾಯಿದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಸಲ್ಲಿಸಿದೆವು. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ನಾವು ಅದನ್ನು ಕೇಳಲಿಲ್ಲ. ಆ ಅವಧಿಯಲ್ಲಿ ಒಪ್ಪಂದದಂತೆ ಹಣ ಹೊಂದುತ್ತದೆಯೇ ಎಂದು ನೋಡಬೇಕಿತ್ತು. ಹೊಂದುತ್ತಿದೆ, ತಿಂಗಳ ಕೊನೆಯ ವಾರ ಬಿಗಿಯಾದರೂ.

ಆದರೆ ಒಂದು ಬಾಬತ್ತು ಯಾರ ಪ್ರಮಾಣಪತ್ರದಲ್ಲೂ ಇರಲಿಲ್ಲ. ಎರಡನೆಯ ಶನಿವಾರ ಮಕ್ಕಳು ಇಲ್ಲಿಗೆ ಬರುತ್ತಾರೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಬೇಸಿಗೆಯಲ್ಲಿ ತಂಪಾಗಿರುತ್ತದೆಂದು ದೊಡ್ಡವಳು ನನಗೇ ಸಮಾಧಾನ ಹೇಳುತ್ತಿದ್ದಳು. ಕಳೆದ ವಾರ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ 4,300 ರೂಪಾಯಿಗೆ ಒಂದು ಕಬ್ಬಿಣದ ಮಂಚ ತಂದೆ. ಇನ್ನೊಂದು ಮಂಚ ಮತ್ತು ಕೂಲರ್ ದೀಪಾವಳಿಯ ಮುಂಗಡ ಬಂದ ಮೇಲೆ.