ಗೆಲ್ಲದವರಿಗೆ ಸನ್ಮಾನ ಯಾಕೆ?

ಮೈಸೂರಿನ ಒಂದು ಓಟದ ಬಳಗದಲ್ಲಿ ಹಲವು ವರ್ಷಗಳಿಂದ ಇರುವ ನನಗೆ ನೆಂಟರಿಂದ, ಸಹೋದ್ಯೋಗಿಗಳಿಂದ, ಬೆಳಗಿನ ವಾಕಿಂಗಿಗೆ ಬರುವ ಹಿರಿಯರಿಂದ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: "ಪ್ರತಿ ಡಿಸೆಂಬರಿನಲ್ಲಿ ನಿಮ್ಮ ಕ್ಲಬ್ಬಿನ ಒಂದಷ್ಟು ಜನರನ್ನು ಮುಂದೆ ಕರೆದು ಗೌರವಿಸುತ್ತೀರಲ್ಲ, ಅವರಲ್ಲಿ ಹೆಚ್ಚಿನವರು ಎಲ್ಲಿಯೂ ಮೊದಲು ಬಂದವರಲ್ಲ. ಗೆಲ್ಲದವರಿಗೆಲ್ಲ ಸನ್ಮಾನ ಮಾಡುತ್ತಾ ಹೋದರೆ ಸನ್ಮಾನಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ?" ಕೇಳುವವರಲ್ಲಿ ಕುಹಕ ಕಡಿಮೆ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳ ಸಭೆಗಳಲ್ಲಿ ಗಂಟೆಗಟ್ಟಲೆ ಕೂತು ದಣಿದಿರುವ ನಮ್ಮ ಊರಿನವರಿಗೆ ಇಂಥ ಅನುಮಾನ ಬರುವುದು ಸಹಜವೇ ಆಗಿದೆ.

ಅನುಮಾನದಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಎಲ್ಲರನ್ನೂ ಒಂದೇ ಮಾತಿನಲ್ಲಿ ಹೊಗಳಿದರೆ ಯಾರನ್ನೂ ಹೊಗಳಿದಂತಾಗುವುದಿಲ್ಲ. ದೊಡ್ಡ ನಗರಗಳ ಓಟಗಳಲ್ಲಿ ನಿಗದಿತ ಸಮಯದೊಳಗೆ ಗೆರೆ ದಾಟಿದ ಪ್ರತಿಯೊಬ್ಬರ ಕೊರಳಿಗೂ ಫಿನಿಷರ್ ಮೆಡಲ್ ಬೀಳುತ್ತದೆ. ಅದರ ಖರ್ಚು ನಾವು ಕಟ್ಟಿದ ಶುಲ್ಕದಲ್ಲೇ ಸೇರಿರುವುದರಿಂದ ಅದನ್ನು ನಾನು ಒಂದು ಬಗೆಯ ರಸೀದಿ ಎಂದೇ ತಿಳಿಯುತ್ತೇನೆ. ಮೆಡಲ್ ಬೇಡವೆಂದು ಹೇಳುತ್ತಿಲ್ಲ, ನನ್ನ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲೂ ಒಂದು ಗೊಂಚಲು ತೂಗುತ್ತಿದೆ. ಆದರೆ ಅದು ಯಾರು, ಎಲ್ಲಿಂದ ಹೊರಟು, ಏನನ್ನು ದಾಟಿ ಬಂದರು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ವರ್ಷವಿಡೀ ಜೊತೆಗೆ ಓಡಿದವರು ಮಾತ್ರ, ಮತ್ತು ಕ್ಲಬ್ಬಿನ ಗೌರವ ಇರುವುದು ಅದನ್ನು ಹೇಳುವುದಕ್ಕೆ.

"ಎಷ್ಟನೇ ಸ್ಥಾನ ಬಂತು?" ಎಂದು ಕೇಳುವವರಿಗೆ ಓಟದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ 10 ಕಿಲೋಮೀಟರ್ ಓಟದಲ್ಲಿ ಪೂರ್ವ ಆಫ್ರಿಕದ ಪುರುಷರು ಸುಮಾರು 28 ನಿಮಿಷಕ್ಕೆ ಓಟ ಮುಗಿಸುತ್ತಾರೆ. ಅವರ ಹಿಂದೆ ಸಾವಿರಾರು ಜನ ಓಡುತ್ತಾರೆ. ಕಚೇರಿ, ಅಡುಗೆಮನೆ, ಮಕ್ಕಳ ಶಾಲೆಗಳ ನಡುವೆ ಬಿಡುವು ಮಾಡಿಕೊಂಡು ಅಭ್ಯಾಸ ಮಾಡಿದ ಒಬ್ಬರು ಅಲ್ಲಿ ಮೂರು ಸಾವಿರದ ಚಿಲ್ಲರೆ ಸ್ಥಾನ ಪಡೆದರೆ ಆ ಅಂಕಿಯಿಂದ ಅವರ ಬಗ್ಗೆ ಏನೂ ತಿಳಿಯುವುದಿಲ್ಲ. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ ಇದಕ್ಕೆಂದೇ ವಯಸ್ಸಿನ ಕೋಷ್ಟಕಗಳಿವೆ. ಪ್ರತಿ ವಯಸ್ಸಿಗೂ ಒಂದು ಮಾನಕ ಸಮಯವನ್ನಿಟ್ಟು, ಓಟಗಾರರ ಸಮಯ ಅದರ ಶೇಕಡಾ ಎಷ್ಟರ ಹತ್ತಿರವಿದೆ ಎಂದು ನೋಡುವ ಪದ್ಧತಿ ಅದು. ಆ ಲೆಕ್ಕದಲ್ಲಿ 60 ವರ್ಷದ ಗಂಡಸು 10 ಕಿಲೋಮೀಟರನ್ನು 54 ನಿಮಿಷಕ್ಕೆ ಓಡಿದರೆ, 25ರ ಹುಡುಗ ಸುಮಾರು 45 ನಿಮಿಷಕ್ಕೆ ಓಡಿದ್ದಕ್ಕೆ ಅದು ಸಮನಾಗುತ್ತದೆ. ನಮ್ಮಲ್ಲಿ ಇದನ್ನು ಮೊದಲ ಬಾರಿ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಮುಖದಲ್ಲಿ ಕಂಡ ಹಿಗ್ಗನ್ನೂ, ಅದುವರೆಗೆ ಅವರನ್ನು "ಅಂಕಲ್, ನಿಧಾನ" ಎಂದು ಹಿಂದೆ ಹಾಕಿ ಹೋಗುತ್ತಿದ್ದ ಹುಡುಗರ ಮೌನವನ್ನೂ ನಾನು ಬಹಳ ಸಂತೋಷದಿಂದ ನೋಡಿದ್ದೇನೆ.

ಆದರೂ ಕೋಷ್ಟಕಕ್ಕೆ ವಯಸ್ಸು ಮತ್ತು ಲಿಂಗ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಮನೆಯಲ್ಲೇ ಹೊಲಿಗೆ ಮಾಡಿ ಸಂಸಾರ ತೂಗಿಸುವ, ಐವತ್ತರ ಹತ್ತಿರದ ಸದಸ್ಯೆಯೊಬ್ಬರು ನಮ್ಮಲ್ಲಿದ್ದಾರೆ. ಮಾನಸಗಂಗೋತ್ರಿಯ ರಸ್ತೆಯಲ್ಲಿ ಒಂದು ದೀಪದ ಕಂಬದಿಂದ ಮುಂದಿನ ಕಂಬದವರೆಗೆ ಓಡುವುದು, ಆಮೇಲೆ ಎರಡು ಕಂಬ ನಡೆಯುವುದು, ಹೀಗೆ ಅವರ ಓಟ ಶುರುವಾಯಿತು. ಕಂಬಗಳ ಲೆಕ್ಕ ತಿರುಗುಮುರುಗಾಗುವ ಹೊತ್ತಿಗೆ ಹಿಮ್ಮಡಿಯ ನೋವು ಬಂತು, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಮೊಳೆ ಚುಚ್ಚಿದಂತಾಗುವ, ಓಟಗಾರರೆಲ್ಲ ಹೆದರುವ ಆ ನೋವು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ಅವರು ಬ್ಲೌಸುಗಳಿಗೆ ಹುಕ್ಸು ಹಾಕುವ ಬಿಡುವಿನಲ್ಲಿ ಮಾಡುತ್ತಿದ್ದರು: ಹೊಸಿಲ ಅಂಚಿನಲ್ಲಿ ಮುಂಗಾಲೂರಿ, ಹಿಮ್ಮಡಿಯನ್ನು ಹೊರಗೆ ಚಾಚಿ, ನಿಧಾನವಾಗಿ ಕೆಳಗಿಳಿಸಿ ಮತ್ತೆ ಎತ್ತುವುದು. ಓಡುವಂತಿಲ್ಲವಾದ ಆ ಮಳೆಗಾಲದಲ್ಲಿ ಪ್ರತಿ ಭಾನುವಾರವೂ ತಪ್ಪದೆ ಬಂದು, ನಾವೆಲ್ಲ ಓಡಿ ಮುಗಿಸುವಷ್ಟರಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆದು ಬಂದು, ಉಳಿದವರ ನೀರಿನ ಬಾಟಲಿಗಳನ್ನು ಕಾಯುತ್ತಾ ಕೂರುತ್ತಿದ್ದರು. ಕೊನೆಗೆ 10 ಕಿಲೋಮೀಟರನ್ನು ಅವರು ಒಂದೂವರೆ ಗಂಟೆಗೆ ಸ್ವಲ್ಪ ಮುಂಚೆ ಮುಗಿಸಿದರು. ಅದು ಯಾವ ಪಟ್ಟಿಯಲ್ಲಿಯೂ ಮೇಲೆ ಬರುವ ಸಮಯವಲ್ಲ, ಆದರೆ ಆ ವರ್ಷ ನಮ್ಮ ಬಳಗದಲ್ಲಿ ಅದಕ್ಕಿಂತ ದೊಡ್ಡ ಓಟವನ್ನು ಯಾರೂ ಓಡಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಂಗಸರ ವಿಷಯದಲ್ಲಿ ಹೊರಟ ಜಾಗವನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎನ್ನುವುದಕ್ಕೆ ಚರಿತ್ರೆಯ ಆಧಾರವೂ ಇದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆದ ಮೇಲೆ, ಅಷ್ಟು ದೂರ ಅವರ ದೇಹಕ್ಕೆ ತಡೆಯದು ಎಂಬ ಗುಲ್ಲೆದ್ದು, 1960ರ ರೋಮ್ ತನಕ ಆ ಓಟವನ್ನೇ ಕೈಬಿಟ್ಟಿದ್ದರು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ. ಅಂದರೆ ನಮ್ಮ ಬಳಗದ ಹಿರಿಯ ಹೆಂಗಸರು ಶಾಲೆಯಲ್ಲಿದ್ದಾಗ, ಹೆಣ್ಣು ದೂರ ಓಡಬಲ್ಲಳೇ ಎಂಬುದು ಜಗತ್ತಿನ ದೊಡ್ಡ ಕ್ರೀಡಾ ಸಂಸ್ಥೆಗಳಿಗೇ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು. ಅವರ ಬೀದಿಯವರಿಗೆ ಅದು ಇನ್ನೂ ಇತ್ಯರ್ಥವಾಗಿಲ್ಲ.

ನಿಧಾನದವರನ್ನು ಗೌರವಿಸುವುದು ನಮ್ಮ ಹೊಸ ಉಪಾಯವೇನಲ್ಲ. ದಕ್ಷಿಣ ಆಫ್ರಿಕದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವೆ ಕಾಮ್ರೇಡ್ಸ್ ಎಂಬ ಸುಮಾರು 90 ಕಿಲೋಮೀಟರಿನ ಓಟ ನಡೆಯುತ್ತದೆ. ಕರ್ನಾಟಕದಿಂದಲೂ ಓಟಗಾರರು ಅಲ್ಲಿಗೆ ಹೋಗಿ ಬರುತ್ತಾರೆ. 1921ರಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ಅದನ್ನು ಆರಂಭಿಸಿದವರು ವಿಕ್ ಕ್ಲಾಪಮ್. ಈಗ ಅದನ್ನು ಮುಗಿಸಲು 12 ಗಂಟೆ ಕೊಡುತ್ತಾರೆ, ಮತ್ತು ಸ್ಥಾಪಕರ ಹೆಸರನ್ನು ಇಟ್ಟಿರುವುದು ಎಲ್ಲರಿಗಿಂತ ಕೊನೆಗೆ, ಅಂದರೆ 11ರಿಂದ 12 ಗಂಟೆಯ ನಡುವೆ, ಬಂದು ಸೇರುವವರ ಪದಕಕ್ಕೆ. ಹತ್ತು ಸಲ ಮುಗಿಸಿದವರಿಗೆ ಅವರ ಓಟದ ಸಂಖ್ಯೆ ಹಸಿರು ಬಣ್ಣದಲ್ಲಿ ಶಾಶ್ವತವಾಗಿ ಅವರದೇ ಆಗುತ್ತದೆ. ಕ್ರೀಡಾಂಗಣ ಅತಿ ಜೋರಾಗಿ ಕೂಗುವುದು ಗಡುವಿನ ಕೊನೆಯ ನಿಮಿಷಗಳಲ್ಲಿ. ಇಷ್ಟೆಲ್ಲ ಮಾಡಿಯೂ ಅಲ್ಲಿ ಗೆದ್ದವರ ಚಿನ್ನದ ಬೆಲೆ ಕಡಿಮೆಯಾಗಿಲ್ಲ. ಮೊದಲ ಹತ್ತು ಮಂದಿಯೊಳಗೆ ಬಂದು ಚಿನ್ನ ಪಡೆಯಲು ಜನ ವರ್ಷಗಟ್ಟಲೆ ದುಡಿಯುತ್ತಾರೆ.

ಹಾಗೆಂದು ಹಟವನ್ನೆಲ್ಲ ನಾವು ಮೆಚ್ಚುವುದಿಲ್ಲ. ತಿಂಗಳಲ್ಲಿ ಅತಿ ಹೆಚ್ಚು ಕಿಲೋಮೀಟರ್ ಓಡಿದವರಿಗೆ, ಒಂದು ದಿನವೂ ಬಿಡದೆ ಓಡಿದವರಿಗೆ ನಮ್ಮಲ್ಲಿ ಯಾವ ಗೌರವವೂ ಇಲ್ಲ. ಉಸಿರಾಟ, ಹೃದಯ ವಾರಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಓಟದ ಲೆಕ್ಕವಿಡುವ ಮೊಬೈಲ್ ಆ್ಯಪಿನ ಪಟ್ಟಿಯಲ್ಲಿ ಹೆಸರು ಮೇಲೇರಲೆಂದು ದಮ್ಮು ಇದ್ದಷ್ಟು ಓಡುತ್ತಾ ಹೋದವರು ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ತಂದುಕೊಂಡು ಕೂರುತ್ತಾರೆ. ಬಹುಮಾನ ಕೊಟ್ಟು ಅದನ್ನು ಪ್ರಚೋದಿಸುವುದು ನನಗೆ ಹೊಣೆಗೇಡಿತನವಾಗಿ ಕಾಣುತ್ತದೆ. ಅದಕ್ಕೆ ಬದಲಾಗಿ, ಜ್ವರದ ಮರುವಾರ ಪೂರ್ಣ ಮ್ಯಾರಥಾನಿಗೆ ಹೋಗಿ, ಮೂವತ್ತನೆಯ ಕಿಲೋಮೀಟರಿನ ಹೊತ್ತಿಗೆ ತಲೆ ತಿರುಗಲು ಶುರುವಾದಾಗ ಎದೆಯ ಮೇಲಿನ ಸಂಖ್ಯೆಯ ಬಿಬ್ ಕಳಚಿ ವೈದ್ಯಕೀಯ ಡೇರೆಯಲ್ಲಿ ಕೂತ ತರುಣನೊಬ್ಬನನ್ನು ಒಂದು ವರ್ಷ ಮುಂದೆ ಕರೆದೆವು. ಎಂಟು ತಿಂಗಳ ತಯಾರಿಯನ್ನು ಹಾಗೆ ಬಿಟ್ಟು ಬರಲು ಬೇಕಾದ ಗಟ್ಟಿತನ, ಗೆರೆಯವರೆಗೆ ತೆವಳಿ ಹೋಗಲು ಬೇಕಾದದ್ದಕ್ಕಿಂತ ಕಡಿಮೆಯದಲ್ಲ.

ಇನ್ನು ನಮ್ಮ ಕ್ರಮದ ಬಗ್ಗೆ ಎರಡು ಮಾತು. ಶಾಲು ಇಲ್ಲ, ಮುಖ್ಯ ಅತಿಥಿ ಇಲ್ಲ, ಪ್ರಾಸ್ತಾವಿಕ ನುಡಿಯಂತೂ ಇಲ್ಲವೇ ಇಲ್ಲ. ಓಟ ಮುಗಿಸಿದ ಎಲ್ಲರೂ ಇಡ್ಲಿಯ ತಟ್ಟೆ ಹಿಡಿದು ನಿಂತಿರುವಾಗ, ಆ ಸದಸ್ಯರ ಜೊತೆಯಲ್ಲಿ ಹೆಚ್ಚು ಓಡಿದ ಒಬ್ಬರು ಮೂರು ವಾಕ್ಯಗಳ ಒಂದು ಚೀಟಿಯನ್ನು ಓದುತ್ತಾರೆ. ಚೀಟಿಯಲ್ಲಿ "ಛಲಗಾರ", "ಸ್ಫೂರ್ತಿಯ ಸೆಲೆ" ಎಂಬಂಥ ಪದಗಳನ್ನು ಬಳಸುವಂತಿಲ್ಲ, ನಡೆದದ್ದನ್ನಷ್ಟೇ ಬರೆಯಬೇಕು. ಕರೆಯುವ ಮುಂಚೆ ಅವರ ಒಪ್ಪಿಗೆ ಕೇಳುತ್ತೇವೆ, ಏಕೆಂದರೆ ಕಾಯಿಲೆ, ಸಾವು, ಕೆಲಸ ಹೋದದ್ದು ಇವುಗಳ ನಡುವೆ ಓಡಿದವರಿಗೆ ಅದನ್ನೆಲ್ಲ ಹತ್ತು ಜನರ ಮುಂದೆ ಹೇಳಿಸಿಕೊಳ್ಳುವ ಮನಸ್ಸು ಇರಬೇಕೆಂದೇನೂ ಇಲ್ಲ. ಬೇಡವೆಂದವರನ್ನು ಒತ್ತಾಯಿಸುವುದಿಲ್ಲ. ವೇಗದವರಿಗೂ ಅದೇ ಮೂರು ವಾಕ್ಯ: ಚಾಮುಂಡಿ ಬೆಟ್ಟದ ರಸ್ತೆಯನ್ನು ಹತ್ತಿ ಹತ್ತಿ ಅರ್ಧ ಮ್ಯಾರಥಾನಿನಲ್ಲಿ ತನ್ನ ಹಿಂದಿನ ಸಮಯದಿಂದ ನಾಲ್ಕು ನಿಮಿಷ ಇಳಿಸಿದ ಹುಡುಗನ ಚೀಟಿ, ಹೊಲಿಗೆಯ ಅಮ್ಮನ ಚೀಟಿಯಷ್ಟೇ ಉದ್ದವಿತ್ತು. ಅವನು ಅದನ್ನು ಮಡಚಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡಿದ್ದಾನೆ.

ಈ ವರ್ಷ ಸಮಿತಿಯಲ್ಲಿ ಜಗಳವಾಗುತ್ತಿರುವುದು ಬೇರೊಂದು ಹೆಸರಿನ ಮೇಲೆ. ಮೊಣಕಾಲು ಸವೆದು ಓಟವನ್ನೇ ನಿಲ್ಲಿಸಿದ ಸದಸ್ಯರೊಬ್ಬರು ಲಾಂಗ್ ರನ್, ಅಂದರೆ ದೂರದ ಅಭ್ಯಾಸದ ಓಟ, ಇರುವ ದಿನ ಬೆಳಗಿನ ಐದಕ್ಕೇ ಸ್ಕೂಟರಿನಲ್ಲಿ ನೀರು, ಬಾಳೆಹಣ್ಣು, ಉಪ್ಪು ಹಚ್ಚಿದ ಸೌತೆಕಾಯಿ ತಂದು ಲಲಿತಮಹಲ್ ರಸ್ತೆಯಲ್ಲಿ ನಿಂತು, ಕಡೆಯವರು ದಾಟಿ ಹೋಗುವ ತನಕ ಕದಲುವುದಿಲ್ಲ. ಓಡದವರನ್ನು ಓಟದ ಸಾಧಕರ ಪಟ್ಟಿಗೆ ಹೇಗೆ ಸೇರಿಸುವುದು ಎಂದು ಕೆಲವರು ಕೇಳುತ್ತಿದ್ದಾರೆ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಓಟಗಾರರಿಂದ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಪಾರ್ಕ್‌ರನ್ ಎಂಬ ವಾರದ ಉಚಿತ ಓಟದಲ್ಲಿ ಓಡಿದ ಸಲಗಳನ್ನು ಎಣಿಸುವಂತೆ ಸ್ವಯಂಸೇವಕರಾಗಿ ನಿಂತ ಸಲಗಳನ್ನೂ ಎಣಿಸಿ ಗುರುತಿಸುತ್ತಾರೆ ಎಂದು ನಾನು ಸಮಿತಿಗೆ ಹೇಳಿದ್ದೇನೆ, ನನ್ನ ಮತವನ್ನೂ ಕೊಟ್ಟಿದ್ದೇನೆ. ಚೀಟಿ ಬರೆಯಲು ಮೂವರು ಈಗಾಗಲೇ ಮುಂದೆ ಬಂದಿದ್ದಾರೆ. ಸ್ಕೂಟರಿನ ಆ ಸದಸ್ಯರ ಒಪ್ಪಿಗೆಯೊಂದೇ ಇನ್ನೂ ಸಿಕ್ಕಿಲ್ಲ.